ಬೆಂಗಳೂರಿಗೆ ಬಂದಿದ್ದ ಮ್ಯಾಕ್ಸ್ ಬಾರ್ನ್

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಸಂತೋಷವೂ ಆಯಿತು, ಸಂಕೋಚವೂ ಆಯಿತು. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವ ಸಹಪಾಠಿಗಳು ಬಹಳ ಮಂದಿ ಇದ್ದಾರೆ. ನಾನು ಭೌತಶಾಸ್ತ್ರ ಓದಿ, ಅದನ್ನೇ ಪಾಠ ಮಾಡಿಕೊಂಡು ಬದುಕಿದವನು. ಆದ್ದರಿಂದ ನನ್ನ ಬದುಕಿಗೆ ದಾರಿ ತೋರಿದ ಒಬ್ಬ ವಿಜ್ಞಾನಿಯ ಜೀವನವನ್ನು ನಮ್ಮ ಶಾಲೆಯ ಮಕ್ಕಳಿಗೆ, ಊರಿನ ಹಿರಿಯರಿಗೆ ತಿಳಿಯುವಂತೆ ಹೇಳುವುದೇ ಸರಿ ಎನಿಸಿತು. ಅವರ ಹೆಸರು ಮ್ಯಾಕ್ಸ್ ಬಾರ್ನ್. ಜರ್ಮನಿಯವರು. ನೊಬೆಲ್ ಪ್ರಶಸ್ತಿ ಪಡೆದವರು. ಒಂದು ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲಿ ಆರು ತಿಂಗಳು ಇದ್ದವರು. ಇಲ್ಲೇ ಉಳಿಯಬೇಕೆಂದು ಬಯಸಿದರೂ ಉಳಿಯಲಾಗದೆ ಹೋದವರು.

ಮೊದಲು ಒಂದು ನೆನಪು. ನಾನು ಎಂಟನೇ ತರಗತಿಯಲ್ಲಿದ್ದಾಗ ಶಾಲಾ ವಾರ್ಷಿಕೋತ್ಸವಕ್ಕೆ ಕೋಲಾಟ ಕಲಿಸಿದ್ದರು. ಮೊದಲ ದಿನ ನಮ್ಮನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರು. ನಾನು ಸಾಲಿನ ಕೊನೆಯವನು. ಎಡಗಡೆಯ ಹುಡುಗನ ಕೋಲಿಗೆ ಕೋಲು ತಾಗಿಸುತ್ತಿದ್ದೆ, ಬಲಗಡೆಗೆ ತಿರುಗಿದರೆ ಯಾರೂ ಇಲ್ಲ, ಗಾಳಿಗೆ ಹೊಡೆಯಬೇಕು. ಸಾಲಿನ ಇನ್ನೊಂದು ತುದಿಯ ಹುಡುಗನದೂ ಅದೇ ಪಾಡು. ಮಾರನೆಯ ದಿನ ಮೇಷ್ಟ್ರು ಸಾಲನ್ನು ಬಾಗಿಸಿ ಎರಡೂ ತುದಿಗಳನ್ನು ಕೂಡಿಸಿ ವೃತ್ತ ಮಾಡಿದರು. ಈಗ ಎಲ್ಲರಿಗೂ ಎಡಕ್ಕೊಬ್ಬರು, ಬಲಕ್ಕೊಬ್ಬರು. ಮೊದಲಿನವರು ಯಾರು, ಕೊನೆಯವರು ಯಾರು ಎಂಬ ಮಾತೇ ಇಲ್ಲ. ಮುಂದೆ ಹದಿನೈದು ವರ್ಷದ ನಂತರ ಸಂಶೋಧನೆಗೆ ಸೇರಿದಾಗ, ಮೇಷ್ಟ್ರು ಅಂದು ಆಟದ ಮೈದಾನದಲ್ಲಿ ಮಾಡಿದ್ದನ್ನೇ ಮ್ಯಾಕ್ಸ್ ಬಾರ್ನ್ ಮತ್ತು ಅವರ ಗೆಳೆಯರೊಬ್ಬರು 1912ರಲ್ಲಿ ಪರಮಾಣುಗಳಿಗೆ ಮಾಡಿದ್ದರೆಂದು ತಿಳಿದು ಬೆರಗಾಯಿತು.

ಬಾರ್ನ್ ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಬ್ರೆಸ್ಲೌ ಎಂಬ ನಗರದಲ್ಲಿ. ಆಗ ಅದು ಜರ್ಮನಿಯಲ್ಲಿತ್ತು, ಈಗ ಪೋಲೆಂಡಿಗೆ ಸೇರಿದೆ. ಯಹೂದಿ ಮನೆತನ. ತಂದೆ ಗುಸ್ತಾವ್ ಬಾರ್ನ್ ವಿಶ್ವವಿದ್ಯಾಲಯದಲ್ಲಿ ಶರೀರರಚನಾಶಾಸ್ತ್ರದ ಪ್ರಾಧ್ಯಾಪಕರು. ಬಾರ್ನ್ ನಾಲ್ಕು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡರು. ಕಾಲೇಜಿಗೆ ಸೇರುವ ಹೊತ್ತಿಗೆ ತಂದೆಯೂ ಇರಲಿಲ್ಲ. ಜೊತೆಗೆ ಚಿಕ್ಕಂದಿನಿಂದಲೇ ಉಬ್ಬಸದ ಕಾಯಿಲೆ, ಅದು ಜೀವನಪೂರ್ತಿ ಕಾಡಿತು. ತಾಯಿಯ ಕಡೆಯಿಂದ ಬಂದದ್ದು ಸಂಗೀತದ ಪ್ರೀತಿ. ಪಿಯಾನೊ ಚೆನ್ನಾಗಿ ನುಡಿಸುತ್ತಿದ್ದರು. ಮುಂದೆ ಬರ್ಲಿನ್‌ನಲ್ಲಿದ್ದಾಗ ಐನ್‌ಸ್ಟೈನ್ ಪಿಟೀಲು ಹಿಡಿದು ಇವರ ಮನೆಗೆ ಬರುತ್ತಿದ್ದರು, ಇಬ್ಬರೂ ಕೂಡಿ ನುಡಿಸುತ್ತಿದ್ದರು. ಆ ಸ್ನೇಹ ಐನ್‌ಸ್ಟೈನ್ ತೀರಿಕೊಳ್ಳುವ ತನಕ ಪತ್ರಗಳಲ್ಲಿ ಮುಂದುವರಿಯಿತು.

ಬ್ರೆಸ್ಲೌ, ಹೈಡೆಲ್‌ಬರ್ಗ್, ಜ್ಯೂರಿಕ್‌ಗಳಲ್ಲಿ ಓದಿ ಬಾರ್ನ್ ಕೊನೆಗೆ ಗಟಿಂಗೆನ್‌ಗೆ ಬಂದರು. ಆ ಕಾಲದಲ್ಲಿ ಗಣಿತ ಕಲಿಯುವವರಿಗೆ ಗಟಿಂಗೆನ್ ಎಂದರೆ ಕಾಶಿ ಇದ್ದಂತೆ. ಅಲ್ಲಿ ಹಿಲ್ಬರ್ಟ್ ಎಂಬ ಮಹಾಗಣಿತಜ್ಞರ ತರಗತಿಯ ಟಿಪ್ಪಣಿಗಳನ್ನು ಬರೆದಿಡುವ ಕೆಲಸ ಇವರಿಗೆ ಸಿಕ್ಕಿತು. 1906ರಲ್ಲಿ ಡಾಕ್ಟರೇಟ್ ಪಡೆದರು.

ಮುಂದೆ ಗಟಿಂಗೆನ್‌ನಲ್ಲೇ ಪಾಠ ಮಾಡುತ್ತಿದ್ದಾಗ ಬಾರ್ನ್ ಅವರ ಜೊತೆ ಒಂದೇ ಮನೆಯಲ್ಲಿ ವಾಸವಿದ್ದವರು ಹಂಗೇರಿಯ ಥಿಯೊಡೋರ್ ಫಾನ್ ಕಾರ್ಮಾನ್. ಈ ಇಬ್ಬರು ತರುಣರು ಎತ್ತಿಕೊಂಡ ಪ್ರಶ್ನೆ ಇದು: ಒಂದು ಹರಳನ್ನು ಒಂದು ಡಿಗ್ರಿ ಬಿಸಿ ಮಾಡಲು ಎಷ್ಟು ಶಾಖ ಬೇಕು? ತಣ್ಣಗಿದ್ದಾಗ ಅಷ್ಟು ಶಾಖ ಬೇಕಾಗುವುದಿಲ್ಲ, ಏಕೆ? ಹರಳಿನೊಳಗೆ ಪರಮಾಣುಗಳು ಸಾಲುಸಾಲಾಗಿ ಕುಳಿತು ನಡುಗುತ್ತಿರುತ್ತವೆ, ಆ ನಡುಕವೇ ಶಾಖ. ಎಲ್ಲ ಪರಮಾಣುಗಳೂ ಒಂದೇ ಆವೃತ್ತಿಯಲ್ಲಿ ಬೇರೆಬೇರೆಯಾಗಿ ನಡುಗುತ್ತವೆ ಎಂದುಕೊಂಡು 1907ರಲ್ಲಿ ಐನ್‌ಸ್ಟೈನ್ ಒಂದು ಸೂತ್ರ ಕೊಟ್ಟಿದ್ದರು. ಬಹಳ ಕಡಿಮೆ ಉಷ್ಣತೆಯಲ್ಲಿ ಅದು ಅಳತೆಗಳಿಗೆ ಸರಿಯಾಗಿ ಹೊಂದುತ್ತಿರಲಿಲ್ಲ. ಬಾರ್ನ್ ಮತ್ತು ಕಾರ್ಮಾನ್, ಪರಮಾಣುಗಳು ಸ್ಪ್ರಿಂಗುಗಳಿಂದ ಕಟ್ಟಿದಂತೆ ಪಕ್ಕದವನ್ನು ಎಳೆಯುತ್ತವೆ, ಆದ್ದರಿಂದ ನಡುಕ ಅಲೆಯಾಗಿ ಇಡೀ ಹರಳಿನಲ್ಲಿ ಹರಿಯುತ್ತದೆ ಎಂದು ಲೆಕ್ಕ ಶುರುಮಾಡಿದರು.

ಲೆಕ್ಕ ತೊಡಕಾದದ್ದು ಹರಳಿನ ಅಂಚಿನಲ್ಲಿ. ಒಳಗಿನ ಪರಮಾಣುವಿಗೆ ಎಲ್ಲ ಕಡೆ ನೆರೆಯವರಿದ್ದಾರೆ. ಅಂಚಿನದಕ್ಕೆ ಒಂದು ಕಡೆ ಯಾರೂ ಇಲ್ಲ. ಕೋಲಾಟದ ಸಾಲಿನ ಕೊನೆಯ ಹುಡುಗನ ಹಾಗೆ. ಅಂಚಿನವಕ್ಕೆ ಬೇರೆ ಸಮೀಕರಣ ಬರೆಯುತ್ತ ಹೋದರೆ ಲೆಕ್ಕ ಮುಗಿಯುವುದೇ ಇಲ್ಲ. ಅವರು ಬಲತುದಿಯನ್ನು ಎಡತುದಿಗೆ ಕೂಡಿಸಿಬಿಟ್ಟರು. ಮೂರು ದಿಕ್ಕಿನಲ್ಲೂ ಹಾಗೆಯೇ. ಬಲಗಡೆ ಮುಗಿದಲ್ಲಿ ಎಡಗಡೆ ಮತ್ತೆ ಆರಂಭ, ಮೇಲೆ ಮುಗಿದಲ್ಲಿ ಕೆಳಗೆ ಆರಂಭ. ಈಗ ಎಲ್ಲ ಪರಮಾಣುಗಳೂ ಸಮಾನ, ಎಲ್ಲದಕ್ಕೂ ಒಂದೇ ಸಮೀಕರಣ ಸಾಕು. ವೃತ್ತದಲ್ಲಿ ಸುತ್ತುವ ಅಲೆ ಹೊರಟ ಜಾಗಕ್ಕೆ ಬಂದಾಗ ತನ್ನ ಬಾಲಕ್ಕೇ ಸರಿಯಾಗಿ ಕೂಡಬೇಕು. ಆದ್ದರಿಂದ ವೃತ್ತದಲ್ಲಿ ಒಂದು ಅಲೆ, ಎರಡು ಅಲೆ, ಮೂರು ಅಲೆ ಹೀಗೆ ಪೂರ್ಣಸಂಖ್ಯೆಯ ಅಲೆಗಳಿಗೆ ಮಾತ್ರ ಜಾಗವಿದೆ. ಅವನ್ನು ಎಣಿಸಬಹುದು. ಎಣಿಸಿದರೆ ಶಾಖದ ಲೆಕ್ಕ ಬರುತ್ತದೆ. ಇದಕ್ಕೆ ಇಂದಿಗೂ ಬಾರ್ನ್–ಫಾನ್ ಕಾರ್ಮಾನ್ ಅಂಚಿನ ನಿಯಮ ಎಂದೇ ಹೆಸರು.

ಇದು ಮೋಸವಲ್ಲವೇ, ನಿಜವಾದ ಹರಳಿಗೆ ಅಂಚು ಇದ್ದೇ ಇದೆಯಲ್ಲ ಎಂದು ಮಕ್ಕಳು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಒಂದು ಸೆಂಟಿಮೀಟರ್ ಉದ್ದದ ತಾಮ್ರದ ಚೂರಿನಲ್ಲಿ ಒಂದು ಸಾಲಿಗೆ ಸುಮಾರು ನಾಲ್ಕು ಕೋಟಿ ಪರಮಾಣುಗಳಿರುತ್ತವೆ. ಅಂಥ ಘನದ ಮೇಲ್ಮೈಯಲ್ಲಿ ಇರುವವು ಕೋಟಿಗೆ ಒಂದೋ ಎರಡೋ. ಕೋಟಿ ಜನರ ಜಾತ್ರೆಯಲ್ಲಿ ಇಬ್ಬರು ಹೇಗೆ ನಿಂತಿದ್ದಾರೆ ಎಂಬುದರಿಂದ ಜಾತ್ರೆಯ ಲೆಕ್ಕ ಬದಲಾಗುವುದಿಲ್ಲ. ಬಾರ್ನ್ ಅವರ ನಂಬಿಕೆ ಇದೇ ಆಗಿತ್ತು. ಈ ನಂಬಿಕೆಯನ್ನೇ ಮುಂದೆ ಒಬ್ಬ ದೊಡ್ಡ ವಿಜ್ಞಾನಿ ಕಟುವಾಗಿ ಪ್ರಶ್ನಿಸಿದರು. ಆ ಕತೆಗೆ ಆಮೇಲೆ ಬರುತ್ತೇನೆ. ಇಲ್ಲಿ ಒಂದು ತಮಾಷೆಯ ಸಂಗತಿ: ಕಾರ್ಮಾನ್ ಮುಂದೆ ಅಮೆರಿಕಕ್ಕೆ ಹೋಗಿ ವಿಮಾನ, ರಾಕೆಟ್ಟುಗಳ ವಿಜ್ಞಾನದಲ್ಲಿ ಹೆಸರಾದರು. ಭೂಮಿಯಿಂದ 100 ಕಿಲೋಮೀಟರ್ ಎತ್ತರದಲ್ಲಿ ಬಾಹ್ಯಾಕಾಶ ಆರಂಭವಾಗುತ್ತದೆ ಎಂದು ಗುರುತಿಸುವ ಗೆರೆಗೆ ಅವರದೇ ಹೆಸರು. ಹರಳಿನ ಅಂಚನ್ನು ಅಳಿಸಿದವರ ಹೆಸರು ಕೊನೆಗೆ ಆಕಾಶದ ಅಂಚಿಗೆ ಬಂತು.

1913ರಲ್ಲಿ ಬಾರ್ನ್ ಹೆಡ್ವಿಗ್ ಎಂಬುವರನ್ನು ಮದುವೆಯಾದರು. ಮೂವರು ಮಕ್ಕಳು. ಬರ್ಲಿನ್, ಫ್ರಾಂಕ್‌ಫರ್ಟ್‌ಗಳಲ್ಲಿ ಕೆಲಸ ಮಾಡಿ 1921ರಲ್ಲಿ ಪ್ರಾಧ್ಯಾಪಕರಾಗಿ ಗಟಿಂಗೆನ್‌ಗೆ ಮರಳಿದರು. ಮುಂದಿನ ಹನ್ನೆರಡು ವರ್ಷ ಅವರ ಬದುಕಿನ ಹೊನ್ನಿನ ಕಾಲ. ಪೌಲಿ, ಹೈಸೆನ್‌ಬರ್ಗ್, ಫರ್ಮಿ, ಓಪನ್‌ಹೈಮರ್, ಮರಿಯಾ ಗೆಪರ್ಟ್, ಹೀಗೆ ಇಪ್ಪತ್ತನೆಯ ಶತಮಾನದ ಭೌತಶಾಸ್ತ್ರವನ್ನು ಕಟ್ಟಿದ ಎಷ್ಟೋ ಮಂದಿ ಶಿಷ್ಯರಾಗಿಯೋ ಸಹಾಯಕರಾಗಿಯೋ ಅವರ ಬಳಿ ಬಂದು ಹೋದರು. 1925ರಲ್ಲಿ ಇಪ್ಪತ್ಮೂರರ ಹೈಸೆನ್‌ಬರ್ಗ್ ವಿಚಿತ್ರವಾದ ಗುಣಾಕಾರವಿರುವ ಒಂದು ಪ್ರಬಂಧ ತಂದುಕೊಟ್ಟರು. ಅದು ಬ್ರೆಸ್ಲೌನಲ್ಲಿ ತಾನು ವಿದ್ಯಾರ್ಥಿಯಾಗಿದ್ದಾಗ ಕಲಿತ ಮಾತೃಕೆಗಳ ಗುಣಾಕಾರವೇ ಎಂದು ಗುರುತಿಸಿದವರು ಬಾರ್ನ್. ಮರುವರ್ಷ, ಅಂದರೆ 1926ರಲ್ಲಿ, ಎಲೆಕ್ಟ್ರಾನಿನ ಅಲೆ ತೋರಿಸುವುದು ಅದು ಎಲ್ಲಿ ಸಿಗಬಹುದು ಎಂಬ ಸಂಭವನೀಯತೆಯನ್ನು ಎಂದು ಅವರು ಹೇಳಿದರು. ಇಂದು ಪಿಯುಸಿ ಮಕ್ಕಳೂ ಕಲಿಯುವ ಈ ಮಾತು ಆಗ ಐನ್‌ಸ್ಟೈನ್ ಅವರಿಗೇ ಒಪ್ಪಿಗೆಯಾಗಲಿಲ್ಲ.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್ ತಿಂಗಳಲ್ಲಿ ಹೊಸ ಕಾನೂನು ಬಂದು, ಯಹೂದಿ ಮೂಲದವರನ್ನು ಸರ್ಕಾರಿ ಕೆಲಸದಿಂದ ತೆಗೆದರು. ಬಾರ್ನ್ ತಮ್ಮ ಅಮಾನತಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ತಿಳಿದುಕೊಳ್ಳಬೇಕಾಯಿತು. ಐವತ್ತು ವರ್ಷದ ಮನುಷ್ಯ, ಕಟ್ಟಿದ ವಿಭಾಗ, ಮನೆ, ಶಿಷ್ಯರು ಎಲ್ಲವನ್ನೂ ಬಿಟ್ಟು ಹೆಂಡತಿ ಮಕ್ಕಳೊಂದಿಗೆ ಹೊರಟರು. ಕೇಂಬ್ರಿಜ್‌ನಲ್ಲಿ ಒಂದು ಆಶ್ರಯ ಸಿಕ್ಕಿತು, ಆದರೆ ಅದು ಕೆಲವು ವರ್ಷದ ತಾತ್ಕಾಲಿಕ ಕೆಲಸ. ಅದು ಮುಗಿದ ಮೇಲೆ ಎಲ್ಲಿಗೆ ಎಂಬ ಚಿಂತೆ ಇದ್ದೇ ಇತ್ತು.

ಆ ಹೊತ್ತಿನಲ್ಲಿ ಕರೆ ಬಂದದ್ದು ನಮ್ಮ ಬೆಂಗಳೂರಿನಿಂದ. ಸರ್ ಸಿ. ವಿ. ರಾಮನ್ 1933ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗೆ, ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಗೆ, ಮೊದಲ ಭಾರತೀಯ ನಿರ್ದೇಶಕರಾಗಿ ಬಂದಿದ್ದರು. ಜರ್ಮನಿಯಿಂದ ಓಡಿಸಲ್ಪಟ್ಟ ಪ್ರತಿಭೆಗಳನ್ನು ಇಲ್ಲಿಗೆ ಕರೆತಂದರೆ ಭಾರತದಲ್ಲಿ ಭೌತಶಾಸ್ತ್ರ ಬೆಳೆಯುತ್ತದೆ ಎಂಬುದು ಅವರ ಕನಸು. 1935ರ ಕೊನೆಯ ಹೊತ್ತಿಗೆ ಬಾರ್ನ್ ದಂಪತಿ ಬೆಂಗಳೂರಿಗೆ ಬಂದರು. ಸುಮಾರು ಆರು ತಿಂಗಳು ಇದ್ದರು. ಬಾರ್ನ್ ಉಪನ್ಯಾಸ ಕೊಟ್ಟರು, ನಾಗೇಂದ್ರನಾಥರಂಥ ತರುಣರ ಜೊತೆ ಸಂಶೋಧನೆ ಮಾಡಿದರು. ಊರು ಅವರಿಗೆ ಹಿಡಿಸಿತು. ರಾಮನ್ ಅವರಿಗೆ ಇಲ್ಲೇ ಕಾಯಂ ಹುದ್ದೆ ಕೊಡಿಸಲು ಪ್ರಯತ್ನಿಸಿದರು.

ಆ ವಿಷಯ ಸಂಸ್ಥೆಯ ಪ್ರಾಧ್ಯಾಪಕರ ಸಭೆಗೆ ಬಂತು. ಬಾರ್ನ್ ಸಭೆಯಲ್ಲೇ ಕುಳಿತಿದ್ದರು. ಒಬ್ಬ ಆಂಗ್ಲ ಪ್ರಾಧ್ಯಾಪಕರು ಎದ್ದು, ತನ್ನ ದೇಶದಿಂದಲೇ ಹೊರದಬ್ಬಿಸಿಕೊಂಡ ಎರಡನೆಯ ದರ್ಜೆಯ ಪರದೇಶಿ ನಮಗೆ ಬೇಡ ಎಂಬ ಅರ್ಥದಲ್ಲಿ ಮಾತನಾಡಿದರು. ರಾಮನ್ ಅವರ ಆಡಳಿತದ ಮೇಲಿದ್ದ ಸಿಟ್ಟು ಅತಿಥಿಯ ಮೇಲೆ ಬಿತ್ತು. ಮನೆಗೆ ಬಂದು ಹೆಂಡತಿಗೆ ಇದನ್ನು ಹೇಳುವಾಗ ಬಾರ್ನ್ ಅವರಿಗೆ ಅಳು ಬಂದಿತಂತೆ. ಹುದ್ದೆ ಕೈಗೂಡಲಿಲ್ಲ. 1936ರಲ್ಲಿ ಅವರು ಮರಳಿ ಹೋದರು. ರಾಮನ್ ಅವರೂ ಮರುವರ್ಷ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಆ ಸಭೆಯ ತೀರ್ಮಾನ ಬೇರೆಯಾಗಿದ್ದರೆ ನಮ್ಮ ನಾಡಿನ ವಿಜ್ಞಾನದ ಚರಿತ್ರೆ ಹೇಗಿರುತ್ತಿತ್ತೋ ಎಂದು ನಾನು ಆ ಸಂಸ್ಥೆಯ ಮರಗಳ ಕೆಳಗೆ ನಡೆಯುವಾಗಲೆಲ್ಲ ಯೋಚಿಸಿದ್ದೇನೆ.

ಅದೇ 1936ರಲ್ಲಿ ಎಡಿನ್‌ಬರಾ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರಾಗಿ ಕರೆಯಿತು. ಅಲ್ಲಿ ಹದಿನೇಳು ವರ್ಷ ಇದ್ದರು. ಹಳೆಯ ಹರಳಿನ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡರು. ಬೆಂಗಳೂರಿನಿಂದ ವಿರೋಧ ಬಂದದ್ದು ಆಗಲೇ. ಅದೂ ಇವರನ್ನು ಕರೆದು ಆದರಿಸಿದ್ದ ರಾಮನ್ ಅವರಿಂದಲೇ.

1940ರ ದಶಕದ ಆರಂಭದಲ್ಲಿ ರಾಮನ್ ಮತ್ತು ಅವರ ಶಿಷ್ಯರು ವಜ್ರದ ಮೇಲೆ ಬೆಳಕು ಹಾಯಿಸಿ, ಚದುರಿದ ಬೆಳಕನ್ನು ಬಹಳ ಸೂಕ್ಷ್ಮವಾಗಿ ಅಳೆಯುತ್ತಿದ್ದರು. ಅದರಲ್ಲಿ ಚೂಪಾದ ಗೆರೆಗಳು ಕಂಡವು. ಹರಳಿನಲ್ಲಿ ಲೆಕ್ಕವಿಲ್ಲದಷ್ಟು ಅಲೆಗಳು ಒತ್ತೊತ್ತಾಗಿ ಇದ್ದರೆ ಬೆಳಕು ಮಸುಕಾಗಿ ಹರಡಬೇಕಿತ್ತು, ಚೂಪಾದ ಗೆರೆ ಹೇಗೆ ಬಂದೀತು ಎಂಬುದು ರಾಮನ್ ಅವರ ವಾದ. ಹರಳಿಗೆ ಕೆಲವೇ ನಿರ್ದಿಷ್ಟ ಆವೃತ್ತಿಗಳಿವೆ, ಅಕ್ಕಪಕ್ಕದ ಕೋಶಗಳು ಒಂದೋ ಒಟ್ಟಿಗೆ ಆಡುತ್ತವೆ, ಇಲ್ಲವೇ ಎದುರುಬದುರಾಗಿ ಆಡುತ್ತವೆ, ಅಷ್ಟೇ ಎಂದರು. ಬಾರ್ನ್ ಅವರ ಸಿದ್ಧಾಂತ ತಪ್ಪಿದ್ದೇ ಆ ಅಂಚಿನ ನಿಯಮದಿಂದ, ಇಲ್ಲದ ಕೂಡಿಕೆಯನ್ನು ಹರಳಿಗೆ ಹೇರಿದ್ದರಿಂದ ಎಂದು ಹಲವು ಪ್ರಬಂಧಗಳಲ್ಲಿ ಬರೆದರು. ಮಾತು ಬಿರುಸಾಯಿತು. ಸ್ನೇಹ ಮುರಿಯಿತು.

ಬಾರ್ನ್ ಉತ್ತರವನ್ನು ಗಣಿತದಲ್ಲಿ ಹುಡುಕಿದರು. ವಾಲ್ಟರ್ ಲೆಡರ್‌ಮನ್ ಎಂಬ ಗಣಿತಜ್ಞರು, ಅವರೂ ಜರ್ಮನಿಯಿಂದ ಬಂದ ನಿರಾಶ್ರಿತರೇ, 1944ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ಅಂಚನ್ನು ನೀವು ಹೇಗೆ ಬೇಕಾದರೂ ಇಟ್ಟುಕೊಳ್ಳಿ, ಕೂಡಿಸಿ, ಬಿಡಿಸಿ, ಗೋಡೆಗೆ ಕಟ್ಟಿ, ಅದರಿಂದ ಆವೃತ್ತಿಗಳ ಹಂಚಿಕೆಯಲ್ಲಿ ಆಗುವ ವ್ಯತ್ಯಾಸ ಅಂಚಿನ ಪರಮಾಣುಗಳ ಲೆಕ್ಕಕ್ಕಷ್ಟೇ ಸೀಮಿತ. ಹರಳು ದೊಡ್ಡದಾದಷ್ಟೂ ಅದು ಗಣನೆಗೇ ಬಾರದು. ಮುಂದೆ 1948ರಲ್ಲಿ ಹೆಲೆನ್ ಸ್ಮಿತ್ ಎಂಬ ವಿಜ್ಞಾನಿ ಬಾರ್ನ್ ಅವರ ದಾರಿಯಲ್ಲೇ ವಜ್ರದ ಲೆಕ್ಕ ಮಾಡಿದರು. ಅಲೆಗಳು ಒತ್ತೊತ್ತಾಗಿದ್ದರೂ ಕೆಲವು ಆವೃತ್ತಿಗಳ ಬಳಿ ಅವು ಗುಂಪುಗೂಡುತ್ತವೆ, ಆದ್ದರಿಂದ ಏರಿಳಿತಗಳು ಕಾಣಲೇಬೇಕು ಎಂದು ತಿಳಿಯಿತು. 1950ರ ದಶಕದಲ್ಲಿ ನ್ಯೂಟ್ರಾನುಗಳನ್ನು ಹರಳಿಗೆ ಹಾಯಿಸಿ ಅಲೆಗಳನ್ನು ನೇರವಾಗಿ ಅಳೆದಾಗ, ಬಾರ್ನ್ ಹೇಳಿದಂತೆ ಆವೃತ್ತಿಗಳು ಎಡೆಬಿಡದೆ ಹರಡಿದ್ದುದು ಕಂಡಿತು.

ಹಾಗಾದರೆ ರಾಮನ್ ಸೋತರೇ? ನಾನು ಹಾಗೆ ಹೇಳಲಾರೆ. ಬೆಂಗಳೂರಿನ ಅಳತೆಗಳು ನಿಜವಾಗಿದ್ದವು. ಆ ಗೆರೆಗಳು ಕಾಣದಿದ್ದರೆ ಬಾರ್ನ್ ಪಕ್ಷದವರು ಅಷ್ಟು ಆಳಕ್ಕೆ ಇಳಿಯುತ್ತಲೇ ಇರಲಿಲ್ಲ. ಇನ್ನೊಂದು ವಿಷಯ. ಅಕ್ಕಪಕ್ಕದವು ಒಟ್ಟಿಗೆ ಅಥವಾ ಎದುರುಬದುರು ಎಂಬ ರಾಮನ್ ಅವರ ಚಿತ್ರವನ್ನು ಇಂದು ಬಿಡಿಸಿ ನೋಡಿದರೆ, ಅದು ಬಾರ್ನ್ ಅವರ ವೃತ್ತವೇ, ಆದರೆ ಪ್ರತಿ ದಿಕ್ಕಿನಲ್ಲಿ ಎರಡೇ ಕೋಶಗಳಿರುವ ವೃತ್ತ. ಇಬ್ಬರೇ ಆಡುವ ಕೋಲಾಟ. ಅಂಚಿನ ನಿಯಮ ಬೇಡ ಎಂದವರ ಲೆಕ್ಕದಲ್ಲೇ ಅತಿ ಚಿಕ್ಕದಾದ ಅಂಚಿನ ನಿಯಮ ಅಡಗಿತ್ತು. ವೃತ್ತ ಚಿಕ್ಕದಾದರೆ ಉತ್ತರ ಕೆಡುತ್ತದೆ ಎಂಬುದು ಅದರಿಂದ ಕಲಿಯುವ ಪಾಠ.

ಈ ಪಾಠ ನನ್ನ ಪಾಲಿಗೂ ಬಂತು. 1964ರಲ್ಲಿ ಅನೀಸುರ್ ರಹಮಾನ್ ಎಂಬ ವಿಜ್ಞಾನಿ, ಅವರು ನಮ್ಮ ನೆರೆಯ ಹೈದರಾಬಾದಿನವರು, ಅಮೆರಿಕದ ಒಂದು ಪ್ರಯೋಗಾಲಯದಲ್ಲಿ 864 ಆರ್ಗಾನ್ ಪರಮಾಣುಗಳನ್ನು ಕಂಪ್ಯೂಟರಿನೊಳಗೆ ಒಂದು ಪೆಟ್ಟಿಗೆಯಲ್ಲಿಟ್ಟು, ನ್ಯೂಟನ್ನನ ನಿಯಮದ ಪ್ರಕಾರ ಓಡಾಡಿಸಿ, ದ್ರವ ಹೇಗೆ ಹರಿಯುತ್ತದೆ ಎಂದು ಕಂಡುಹಿಡಿದರು. ಪರಮಾಣುಗಳು ಇಷ್ಟು ಕಡಿಮೆಯಿದ್ದಾಗ ಅಂಚು ದೊಡ್ಡ ತಲೆನೋವು. ಸಾಲಿಗೆ ಹತ್ತರಂತೆ ಸಾವಿರ ಪರಮಾಣುಗಳ ಘನ ಮಾಡಿದರೆ ಅದರಲ್ಲಿ 488 ಮೇಲ್ಮೈಯಲ್ಲೇ ಇರುತ್ತವೆ, ಮಕ್ಕಳು ಲೆಕ್ಕ ಮಾಡಿ ನೋಡಬಹುದು. ಆದ್ದರಿಂದ ಬಾರ್ನ್ ಉಪಾಯ ಇಲ್ಲಿ ಅನಿವಾರ್ಯ. ಬಲಗೋಡೆಯಿಂದ ಹೊರಹೋದ ಪರಮಾಣು ಎಡಗೋಡೆಯಿಂದ ಒಳಬರುತ್ತದೆ. ಪ್ರತಿ ಪರಮಾಣುವೂ ತನ್ನ ನೆರೆಯವರನ್ನು ಹುಡುಕುವಾಗ ಗೋಡೆಯಾಚೆಯ ಪ್ರತಿಬಿಂಬವನ್ನೂ ನೋಡಿ, ಯಾವುದು ಹತ್ತಿರವೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಎಷ್ಟು ದೂರದ ತನಕ ನೆರೆಯವರನ್ನು ಹುಡುಕುತ್ತೇವೋ ಆ ದೂರ ಪೆಟ್ಟಿಗೆಯ ಅರ್ಧವನ್ನು ಮೀರಬಾರದು. ಮೀರಿದರೆ ಒಂದೇ ಪರಮಾಣು ಎರಡು ಕಡೆಯಿಂದ ಎಣಿಕೆಗೆ ಬರುತ್ತದೆ.

ನಾನೂ ಇಂಥದ್ದೇ ಕೆಲಸಕ್ಕೆ ಸೇರಿದೆ. ಕನ್ನಡ ಮಾಧ್ಯಮದಿಂದ ಹೋದವನಾದ್ದರಿಂದ ಪ್ರಶ್ನೆ ಕೇಳಲು ನಾಚಿಕೆ. ಪರಮಾಣುಗಳು ಹೊರಟ ಜಾಗದಿಂದ ಎಷ್ಟು ದೂರ ಅಲೆದಾಡುತ್ತವೆ ಎಂದು ಅಳೆಯಬೇಕಿತ್ತು. ಮೂರು ತಿಂಗಳು ಕಂಪ್ಯೂಟರ್ ಓಡಿಸಿದೆ. ದೂರ ಏರುತ್ತಲೇ ಹೋಗಬೇಕಾದ ಗೆರೆ ಸ್ವಲ್ಪ ಏರಿ ಅಡ್ಡ ಮಲಗಿಬಿಟ್ಟಿತು. ಹರಿಯುವ ದ್ರವ ಹರಳಿನಂತೆ ನಿಂತುಹೋಯಿತು. ಹೊಸದೇನನ್ನೋ ಕಂಡುಹಿಡಿದೆನೆಂದು ಒಂದು ವಾರ ಹಿಗ್ಗಿದ್ದೂ ಉಂಟು. ಕೊನೆಗೆ ನನ್ನ ಮಾರ್ಗದರ್ಶಕರು ನೋಡಿ ಒಂದೇ ನೋಟಕ್ಕೆ ತಪ್ಪು ತೋರಿಸಿದರು. ಬಲಕ್ಕೆ ದಾಟಿದ ಪರಮಾಣುವನ್ನು ಎಡಕ್ಕೆ ತಂದಿಟ್ಟದ್ದು ಲೆಕ್ಕದ ಅನುಕೂಲಕ್ಕೆ. ಅದು ನಿಜವಾಗಿ ಮುಂದೆಯೇ ಹೋಗಿದೆ. ಎಷ್ಟು ಸಲ ಗೋಡೆ ದಾಟಿತು ಎಂಬುದನ್ನು ನಾನು ಬರೆದಿಟ್ಟಿರಲಿಲ್ಲ. ಹೀಗಾಗಿ ಎಷ್ಟು ಅಲೆದರೂ ಅದು ಪೆಟ್ಟಿಗೆಯ ಅಳತೆಯನ್ನು ಮೀರಿದಂತೆ ಕಾಣಲೇ ಇಲ್ಲ. ಮೂರು ತಿಂಗಳ ಕೆಲಸವನ್ನು ಮತ್ತೆ ಮಾಡಿದೆ. ಆ ರಾತ್ರಿಗಳಲ್ಲೇ ಈ ಅಂಚಿನ ನಿಯಮ ಯಾರದು ಎಂದು ಹುಡುಕುತ್ತ ಬಾರ್ನ್ ಅವರ ಬದುಕಿನ ಪರಿಚಯವಾದದ್ದು. ಎರಡು ದೇಶಗಳ ಗೋಡೆ ದಾಟಬೇಕಾಗಿ ಬಂದ ಮನುಷ್ಯನ ಮುಂದೆ ನನ್ನ ಮೂರು ತಿಂಗಳು ಏನೂ ಅಲ್ಲ ಎನಿಸಿತು.

1953ರಲ್ಲಿ ನಿವೃತ್ತರಾಗಿ ಬಾರ್ನ್ ಜರ್ಮನಿಗೇ ಮರಳಿದರು. ಹೊರಹಾಕಿದ ದೇಶಕ್ಕೆ ಏಕೆ ಹೋಗುತ್ತೀರಿ ಎಂದು ಗೆಳೆಯರು ಬೇಸರಪಟ್ಟರೂ, ಅಲ್ಲಿಯ ಜನ ಮತ್ತೆ ಯುದ್ಧದ ದಾರಿ ಹಿಡಿಯದಂತೆ ಮಾತನಾಡುವುದು ತನ್ನ ಕೆಲಸವೆಂದು ಅವರು ತಿಳಿದರು. ಬಾಂಬ್ ತಯಾರಿಸುವ ಕೆಲಸದಲ್ಲಿ ಅವರು ಎಂದೂ ಸೇರಿರಲಿಲ್ಲ. 1955ರಲ್ಲಿ ಐನ್‌ಸ್ಟೈನ್, ರಸೆಲ್ ಅವರ ಶಾಂತಿಪತ್ರಕ್ಕೆ ಸಹಿ ಹಾಕಿದರು. 1957ರಲ್ಲಿ ಜರ್ಮನಿಗೆ ಅಣ್ವಸ್ತ್ರ ಬೇಡವೆಂದ ಹದಿನೆಂಟು ವಿಜ್ಞಾನಿಗಳಲ್ಲಿ ಒಬ್ಬರಾದರು. 1926ರ ಕೆಲಸಕ್ಕೆ ನೊಬೆಲ್ ಪ್ರಶಸ್ತಿ ಬಂದದ್ದು 1954ರಲ್ಲಿ, ಇಪ್ಪತ್ತೆಂಟು ವರ್ಷ ತಡವಾಗಿ. ಅದೇ ವರ್ಷ ಚೀನಾದ ಕುನ್ ಹುವಾಂಗ್ ಅವರೊಂದಿಗೆ ಬರೆದ ಹರಳುಗಳ ಕುರಿತ ಗ್ರಂಥವೂ ಹೊರಬಂತು.

1970ರ ಜನವರಿ 5ರಂದು, 87ನೆಯ ವಯಸ್ಸಿನಲ್ಲಿ, ಬಾರ್ನ್ ಗಟಿಂಗೆನ್‌ನಲ್ಲಿ ತೀರಿಕೊಂಡರು. ಅವರ ಸಮಾಧಿಯ ಕಲ್ಲಿನ ಮೇಲೆ 1925ರ ಆ ಗುಣಾಕಾರದ ಸೂತ್ರವನ್ನು ಕೆತ್ತಿದ್ದಾರೆ. ಅದೇ ವರ್ಷ ನವೆಂಬರ್ 21ರಂದು ಬೆಂಗಳೂರಿನಲ್ಲಿ ರಾಮನ್ ಅವರೂ ಕಣ್ಮುಚ್ಚಿದರು.

ಬಾರ್ನ್ ಅವರಿಗೆ ಒಂದು ಕೆಲಸ ಕೊಡಿಸಲು ಹೋರಾಡಿದವರು ರಾಮನ್, ಅವರ ಸಿದ್ಧಾಂತವನ್ನು ಎಲ್ಲರಿಗಿಂತ ಕಟುವಾಗಿ ವಿರೋಧಿಸಿದವರೂ ರಾಮನ್. ಎರಡೂ ನಿಜ. ನಮ್ಮ ಶಾಲೆಯ ಮಕ್ಕಳು ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕೆಂದು ನನ್ನ ಆಸೆ. ವಿಜ್ಞಾನದಲ್ಲಿ ಗುರುಹಿರಿಯರನ್ನೂ ಪ್ರಶ್ನಿಸಬಹುದು, ಉತ್ತರವನ್ನು ಮಾತ್ರ ಲೆಕ್ಕದಲ್ಲಿ, ಅಳತೆಯಲ್ಲಿ ಹುಡುಕಬೇಕು. ಅರ್ಥವಾಗದ್ದನ್ನು ಕೇಳಲು ನಾಚಿಕೆಪಟ್ಟರೆ ಮೂರು ತಿಂಗಳು ದಂಡವಾಗುತ್ತದೆ, ಇದು ನನ್ನ ಸ್ವಂತ ಅನುಭವ.

ಈ ಸಲದ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಕೋಲಾಟವೂ ಇದೆ ಎಂದು ಕೇಳಿದ್ದೇನೆ. ಮೊಣಕಾಲು ಸಹಕರಿಸಿದರೆ ನಾನೂ ಬಂದು ನಿಲ್ಲುತ್ತೇನೆ. ವೃತ್ತ ಮಾಡಿದರೆ ಸಾಕು, ಎಲ್ಲಿ ನಿಲ್ಲಿಸಿದರೂ ಸರಿ.